ಗುಜರಿಗೆ ಹೋಗಬೇಕಿದ್ದ ಸೆಲೆರಾನ್ ತೋಟದ ಲೆಕ್ಕ ಬರೆಯುತ್ತಿದೆ

ಕೊಡಗಿನ ನಾಪೋಕ್ಲಿಗೆ ಹತ್ತಿರವಿರುವ ನಮ್ಮ ಕಾಫಿ ತೋಟದ ಕಳೆದ ಎರಡು ಕೊಯ್ಲುಗಳ ಕೂಲಿಯ ಹಾಜರಿ ಪಟ್ಟಿಯಾದ ಚೆಕ್‌ರೋಲ್, ಕರಿಮೆಣಸು ಮಾರಿದ ಲೆಕ್ಕ, ಪ್ರತಿದಿನ ಬೆಳಿಗ್ಗೆ ಅಳೆದ ಮಳೆಯ ಇಂಚು ಮತ್ತು ಸೆಂಟುಗಳು (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ), ಇವೆಲ್ಲವೂ ಇಂಟೆಲ್ ಕಂಪನಿಯ ಸೆಲೆರಾನ್ ಎನ್ 2840 ಪ್ರೊಸೆಸರಿನ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ದಾಖಲಾಗಿವೆ. ಈ ಯಂತ್ರವನ್ನು ಉಳಿಸಿಕೊಳ್ಳುತ್ತೇನೆ ಎಂದಾಗ, ಗೋಣಿಕೊಪ್ಪಲಿನಲ್ಲಿ ಹತ್ತು ವರ್ಷ ರಿಪೇರಿ ಅಂಗಡಿ ನಡೆಸಿದ ನನ್ನನ್ನು ನೋಡಿ ಅಂದಿನ ಜೊತೆಗಾರರೇ ನಕ್ಕಿದ್ದರು. ಮೈಸೂರಿನ ಒಬ್ಬ ವ್ಯಾಪಾರಿ ಬಿಡಿಭಾಗಕ್ಕೆಂದು 1,200 ರೂಪಾಯಿಗೆ ಕೇಳಿದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಂತೂ, “ಮಾವ, ಇದರ ಮೇಲೆ ಸುರಿಯುವ ದುಡ್ಡಿನಲ್ಲಿ ಮೆಣಸಿನ ಬಳ್ಳಿಗೆ ಗೊಬ್ಬರವಾದರೂ ಹಾಕಿಸಿ” ಎಂದ. ಈಗ ಅದೇ ಪ್ರೊಸೆಸರ್ ಚಿಪ್ಪಿನ ಇನ್ನೂ ಏಳು ಯಂತ್ರಗಳು ನನ್ನ ಕೈಯಿಂದ ಸರಿಹೋಗಿ ಊರವರ ಮನೆಗಳಲ್ಲಿ ಕೆಲಸ ಮಾಡುತ್ತಿರುವುದರಿಂದ, ನಡೆದದ್ದನ್ನು ಬರೆಯುವ ಧೈರ್ಯ ಬಂದಿದೆ.

ಚಿಪ್ಪು 2014ರದು, ಎರಡು ಕೋರ್, 2.16 ಗಿಗಾಹರ್ಟ್ಸ್, ಒತ್ತಡ ಬಿದ್ದಾಗ 2.58ರ ತನಕ ಏರುತ್ತದೆ, ಶಾಖದ ಮಿತಿ 7.5 ವ್ಯಾಟ್. ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಬದಲಿಸುವ ಮಾತಿಲ್ಲ. ಇವು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿಗಳು. ನನ್ನ ವಾದ ಇಷ್ಟೇ: ಈ ಚಿಪ್ಪಿನ ತಲೆಗೆ ನಾವು ಕಟ್ಟುವ ‘ನಿಧಾನ’ ಎಂಬ ಅಪವಾದದಲ್ಲಿ ಅರ್ಧಕ್ಕಿಂತ ಹೆಚ್ಚು ಹಾರ್ಡ್ ಡಿಸ್ಕಿಗೆ ಸೇರಬೇಕಾದದ್ದು, ಉಳಿದುದರಲ್ಲಿ ಹೆಚ್ಚಿನ ಪಾಲು ಬ್ರೌಸರಿಗೆ ಸೇರಬೇಕಾದದ್ದು.

ಲ್ಯಾಪ್‌ಟಾಪನ್ನು 2015ರ ಸುಮಾರಿಗೆ 22 ಅಥವಾ 23 ಸಾವಿರ ಕೊಟ್ಟು ತಂದ ನೆನಪು. ವಿಂಡೋಸ್ 8.1 ಇದ್ದದ್ದು ಆಮೇಲೆ ವಿಂಡೋಸ್ 10 ಆಯಿತು. ನಾಲ್ಕು ಜಿಬಿ ರ‍್ಯಾಮ್ ಮತ್ತು ನಿಧಾನಗತಿಯ 500 ಜಿಬಿ ಡಿಸ್ಕಿನ ಮೇಲೆ ಅದು ಐದು ನಿಮಿಷ ತೆಗೆದುಕೊಂಡು ಏಳುತ್ತಿತ್ತು; ಅಷ್ಟರಲ್ಲಿ ತೋಟದ ರೈಟರ್ ಕೊಯ್ದ ಹಣ್ಣಿನ ತೂಕವನ್ನೆಲ್ಲ ಕಾಗದದ ಮೇಲೆ ಕೂಡಿಸಿ ಮುಗಿಸಿರುತ್ತಿದ್ದ. ವಿಂಡೋಸ್ 11ಕ್ಕೆ ಈ ಚಿಪ್ಪು ಅರ್ಹವಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಲ್ಲುವುದೆಂದು ಮೊದಲೇ ಗೊತ್ತಿತ್ತು. ಆದ್ದರಿಂದ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಕಡೆಗೆ ಹೊರಳುವುದು ಹೇಗೂ ಅನಿವಾರ್ಯವಾಗಿತ್ತು.

ಮೊದಲ ಪೆಟ್ಟು ರ‍್ಯಾಮಿನಲ್ಲಿ ಬಿತ್ತು. ಅಂಗಡಿಯ ಕಾಲದ ಆತ್ಮವಿಶ್ವಾಸದಲ್ಲಿ ಎಂಟು ಜಿಬಿಯ ಹಳೆಯ ಡಿಡಿಆರ್3 ಕಡ್ಡಿಯೊಂದನ್ನು 850 ರೂಪಾಯಿಗೆ ತರಿಸಿ ಹಾಕಿದೆ. ದೀಪ ಹತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು. ಈ ಚಿಪ್ಪು 1.35 ವೋಲ್ಟಿನ ಡಿಡಿಆರ್3ಎಲ್ ಅನ್ನು ಮಾತ್ರ ಒಪ್ಪುತ್ತದೆ, 1.5 ವೋಲ್ಟಿನದನ್ನು ಒಪ್ಪುವುದಿಲ್ಲ ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಚೀಟಿಯ ಮೇಲೆ ‘ಎಲ್’ ಅಕ್ಷರ ಇದೆಯೇ ಎಂದು ನೋಡುವ ತಾಳ್ಮೆ ಇರಲಿಲ್ಲ. ಸರಿಯಾದ ಕಡ್ಡಿಗೆ ಮತ್ತೆ 1,350 ರೂಪಾಯಿ ಆಯಿತು. ಗರಿಷ್ಠ ಮಿತಿ ಎಂಟು ಜಿಬಿ. ಒಂದೇ ಸ್ಲಾಟ್ ಇರುವ ಬೋರ್ಡಾದರೆ ನೇರವಾಗಿ ಎಂಟರ ಕಡ್ಡಿಯನ್ನೇ ಹಾಕಬೇಕು.

ಎರಡನೆಯದು ಹಣಕ್ಕಿಂತ ಹೆಚ್ಚು ನೋವು ಕೊಟ್ಟಿತು. ನಿಧಾನದ ಹಾರ್ಡ್ ಡಿಸ್ಕಿನ ಬದಲು ಹಾಕಿದ, ಹೆಸರು ಕೇಳದ 1,100 ರೂಪಾಯಿಯ ಎಸ್ಎಸ್‌ಡಿಯೊಂದು ನಾಲ್ಕು ತಿಂಗಳು ಚೆನ್ನಾಗಿ ಓಡಿ, ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿನ ನಡುವೆ ಒಂದು ಬೆಳಿಗ್ಗೆ ಯಂತ್ರ ಏಳುವಾಗ ಮೊದಲು ಓಡುವ ಬಯೋಸಿನಲ್ಲೇ ಕಾಣದಾಯಿತು. ಎರಡು ವಾರಗಳ ಕೂಲಿ ಲೆಕ್ಕ ಅದರಲ್ಲಿತ್ತು. ಕೆಲಸಗಾರರು ತಮ್ಮ ತಮ್ಮ ಚೀಟಿಗಳನ್ನು ಇಟ್ಟುಕೊಂಡಿದ್ದರಿಂದ ಅವರು ವಾಸಿಸುವ ಲೈನ್ ಮನೆಗಳಿಗೆ ಹೋಗಿ, ಕಣದ ಪಕ್ಕದಲ್ಲಿ ಕುಳಿತು, ಎಲ್ಲವನ್ನೂ ಮತ್ತೆ ಬರೆದುಕೊಂಡೆ, ಮರ್ಯಾದೆ ಉಳಿಯಿತು. ಎರಡನೆಯ ಎಸ್ಎಸ್‌ಡಿಗೆ 1,900 ಕೊಟ್ಟೆ. ಈ ಚಿಪ್ಪಿನ ಸಾಟಾ (ಡಿಸ್ಕನ್ನು ಜೋಡಿಸುವ ದಾರಿ) ಸೆಕೆಂಡಿಗೆ ಮೂರು ಗಿಗಾಬಿಟ್ಟಿನದು, ಆದ್ದರಿಂದ ಪೆಟ್ಟಿಗೆಯ ಮೇಲೆ 500 ಎಂದು ಮುದ್ರಿಸಿದ್ದರೂ ನನಗೆ ದಕ್ಕಿದ್ದು ಸೆಕೆಂಡಿಗೆ 260ರ ಆಸುಪಾಸಿನ ಎಂಬಿ. ದುಬಾರಿ ಎಸ್ಎಸ್‌ಡಿಗೆ ಹಣ ಹಾಕುವುದು ದಂಡ, ತೀರಾ ಅಗ್ಗದ್ದು ಅದಕ್ಕಿಂತ ದೊಡ್ಡ ದಂಡ. ಈಗ ಪ್ರತಿ ಶನಿವಾರ ಕೂಲಿ ಬಟವಾಡೆಯಾದ ಮೇಲೆ ಒಂದು ಪೆನ್‌ಡ್ರೈವಿಗೆ ನಕಲು ಹೋಗುತ್ತದೆ.

ಇಷ್ಟಾದ ಮೇಲೆ ಲಿನಕ್ಸಿನ ಒಂದು ಬಗೆಯಾದ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಅದಕ್ಕೂ ಹಗುರಾದದ್ದೊಂದನ್ನು ಮೊದಲು ಪ್ರಯತ್ನಿಸಿದ್ದೆ, ಆದರೆ ಮನೆಯವಳು ಎರಡೇ ದಿನದಲ್ಲಿ, “ಇದರಲ್ಲಿ ಏನು ಎಲ್ಲಿದೆ ಎಂದು ನಿಮಗೊಬ್ಬರಿಗೇ ಗೊತ್ತು” ಎಂದು ಹೇಳಿ ಮುಚ್ಚಿಟ್ಟಳು. ಮಿಂಟ್ 35 ಸೆಕೆಂಡಿನೊಳಗೆ ಎದ್ದು ನಿಂತಿತು. ನಾನು ಗೆದ್ದೆನೆಂದು ಅಕ್ಕನ ಮಗನಿಗೆ ಫೋನು ಮಾಡಿ ತಿಳಿಸಿದ ರಾತ್ರಿಯೇ ಯಂತ್ರ ಸ್ತಬ್ಧವಾಯಿತು: ಪರದೆಯ ಚಿತ್ರ ಹಾಗೇ ಇದೆ, ಇಲಿಯ ಬಾಣ ಕದಲುವುದಿಲ್ಲ, ಕೀಲಿಗಳಿಗೆ ಉತ್ತರವಿಲ್ಲ, ಪವರ್ ಗುಂಡಿಯನ್ನು ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ.

ಆ ಮಳೆಗಾಲದ ಮೂರು ತಿಂಗಳು ಈ ರೋಗಕ್ಕೇ ಹೋದವು. ದಿನಕ್ಕೊಮ್ಮೆ ನಿಲ್ಲುತ್ತಿತ್ತು, ಕೆಲವೊಮ್ಮೆ ನಾಲ್ಕು ದಿನ ಸುಮ್ಮನಿದ್ದು ನನ್ನನ್ನು ನಂಬಿಸುತ್ತಿತ್ತು. ಯಂತ್ರ ತನ್ನ ಕೆಲಸವನ್ನು ಬರೆದಿಡುವ ಲಾಗ್ ಕಡತದಲ್ಲಿ ಒಂದು ಸಾಲೂ ಸುಳಿವಿರಲಿಲ್ಲ. ಹೊಸ ರ‍್ಯಾಮಿನ ಮೇಲೆ ಅನುಮಾನಪಟ್ಟು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ತಪ್ಪು ಸಿಗಲಿಲ್ಲ. ತೇವಾಂಶವಿರಬಹುದೆಂದು ಬೋರ್ಡನ್ನು ಬಿಚ್ಚಿ ಒಣಗಿಸಿದೆ, ವೈಫೈ ಕಾರ್ಡನ್ನು ತೆಗೆದಿಟ್ಟೆ, ಚಿಪ್ಪಿನ ಶಾಖ ಹರಿಸುವ ಪೇಸ್ಟ್ ಬದಲಿಸಿದೆ. ಕೊನೆಗೆ ತಿಳಿದದ್ದೇನೆಂದರೆ, ಬೇ ಟ್ರೇಲ್ ಎಂಬ ಹೆಸರಿನ ಈ ಇಡೀ ಪೀಳಿಗೆಗೇ ಲಿನಕ್ಸಿನಲ್ಲಿ ಈ ದೋಷವಿದೆ. ಕೆಲಸವಿಲ್ಲದಾಗ ಪ್ರೊಸೆಸರ್ ಆಳವಾದ ನಿದ್ರೆಗೆ ಇಳಿದು ಅಲ್ಲಿಂದ ಮೇಲೇಳಲಾರದೆ ಉಳಿಯುತ್ತದೆ. ಯಂತ್ರ ಏಳುವಾಗ ಓದುವ ಬೂಟ್ ಸಾಲಿನಲ್ಲಿ ಇಂಟೆಲ್ ಐಡಲ್‌ನ ಗರಿಷ್ಠ ಸಿ-ಸ್ಟೇಟನ್ನು, ಅಂದರೆ ನಿದ್ರೆಯ ಆಳದ ಮಿತಿಯನ್ನು, 1ಕ್ಕೆ ಕಟ್ಟಿಹಾಕಿದ ದಿನದಿಂದ ಇವತ್ತಿನವರೆಗೆ ಒಮ್ಮೆಯೂ ನಿಂತಿಲ್ಲ. ನಂತರ ಬಂದ, ಲಿನಕ್ಸಿನ ತಿರುಳಾದ ಕರ್ನಲ್‌ಗಳಿಗೆ ಇದರ ಅಗತ್ಯವಿಲ್ಲ ಎನ್ನುವವರ ಮಾತು ಕೇಳಿ ಒಮ್ಮೆ ಆ ಸಾಲನ್ನು ತೆಗೆದೆ. ಎರಡನೆಯ ದಿನವೇ ನಿಂತಿತು, ಮತ್ತೆ ಹಾಕಿದೆ. ಆಳದ ನಿದ್ರೆ ತಪ್ಪಿದ್ದಕ್ಕೆ ಬ್ಯಾಟರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಕಡಿಮೆಯಾಯಿತು. ಅದು ನನಗೆ ಒಪ್ಪಿಗೆ.

ಬ್ರೌಸರಿನ ವಿಷಯ ಬೇಗ ಮುಗಿಯುತ್ತದೆ. ಯೂಟ್ಯೂಬ್ ಈಗ ಕಳಿಸುವ ವಿಪಿ9 ಬಗೆಯ ವಿಡಿಯೋವನ್ನು ಬಿಡಿಸುವ ಯಂತ್ರಾಂಶ ಈ ಚಿಪ್ಪಿನಲ್ಲಿಲ್ಲ, ಎಚ್.264ಕ್ಕೆ ಇದೆ. ಹಾಗಾಗಿ ಎಚ್.264 ಅನ್ನೇ ಕೇಳಿ ತರಿಸುವ ಆಡ್-ಆನ್ ಒಂದನ್ನು ಫೈರ್‌ಫಾಕ್ಸಿಗೆ ಸೇರಿಸಿ, ವಿಡಿಯೋ ಡ್ರೈವರನ್ನು ಹಳೆಯ ಐ965ಕ್ಕೆ ಇಟ್ಟೆ. ಹೊಸ ಡ್ರೈವರ್ ಈ ತಲೆಮಾರಿನ ಗ್ರಾಫಿಕ್ಸನ್ನು ಗುರುತಿಸುವುದಿಲ್ಲ. ಮೊದಲು 720ರ ವಿಡಿಯೋಗೆ ಎರಡೂ ಕೋರ್‌ಗಳು ನೂರರ ಹತ್ತಿರ ಏದುಸಿರು ಬಿಡುತ್ತಿದ್ದವು, ಈಗ ಮೂವತ್ತರ ಆಸುಪಾಸಿನಲ್ಲಿವೆ. ಝಡ್‌ರ‍್ಯಾಮ್ ಕೂಡ ಹಾಕಿದ್ದೇನೆ, ಅದು ಮೆಮೊರಿಯಲ್ಲಿರುವುದನ್ನು ಒತ್ತಿ ಕಿರಿದಾಗಿಸಿ ಜಾಗ ಉಳಿಸುತ್ತದೆ. ಅದಕ್ಕೆ ಎಷ್ಟು ಪಾಲು ಕೊಟ್ಟಿದ್ದೇನೆ, ಅದರ ಜೊತೆಗೆ ಇನ್ನೊಂದು ಅಂಕಿಯನ್ನು ಎಲ್ಲಿಗೆ ಇಳಿಸಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏಳು ಯಂತ್ರಗಳ ಮೇಲೆ ತಿಂಗಳುಗಟ್ಟಲೆ ಕುಳಿತು ಕಂಡುಕೊಂಡದ್ದು ಅಷ್ಟಾದರೂ ನನ್ನಲ್ಲಿರಲಿ.

ಒಂದು ಅಡ್ಡದಾರಿಯ ಪ್ರಯೋಗವನ್ನೂ ಹೇಳಬೇಕು. ಒಂದು ಪ್ರೋಗ್ರಾಮ್ ಬೇರೆಯದರ ಗುಟ್ಟಿನ ಮಾಹಿತಿಯನ್ನು ಓದಲು ಬಿಡುವ, 2018ರ ಆರಂಭದಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್ ದೋಷಕ್ಕೆ ಕರ್ನಲ್ ಹಾಕುವ ರಕ್ಷಣೆ ಈ ಚಿಪ್ಪನ್ನು ಸ್ವಲ್ಪ ನಿಧಾನ ಮಾಡುತ್ತದೆ. ರಕ್ಷಣೆಯನ್ನು ತೆಗೆದು ಒಂದು ವಾರ ಓಡಿಸಿದೆ; ಲಿಬ್ರೆ ಆಫೀಸಿನ ದೊಡ್ಡ ಹಾಳೆಗಳು ಒಂದೆರಡು ಸೆಕೆಂಡು ಬೇಗ ತೆರೆದವು. ಆದರೆ ಬ್ಯಾಂಕಿನ ವ್ಯವಹಾರವೂ ಇದರಲ್ಲೇ ನಡೆಯುವುದರಿಂದ ರಕ್ಷಣೆಯನ್ನು ಮತ್ತೆ ಹಾಕಿದೆ.

ಕನ್ನಡದ ಕೆಲಸಕ್ಕೆ ನುಡಿ ತಂತ್ರಾಂಶವನ್ನು ಬಿಟ್ಟದ್ದು ಕಷ್ಟವಾಗಲಿಲ್ಲ, ಏಕೆಂದರೆ ಲಿನಕ್ಸಿನ ಟೈಪಿಂಗ್ ಸಾಧನವಾದ ಐಬಸ್ಸಿನಲ್ಲಿ ನುಡಿಯದೇ ಕಗಪ ಕೀಲಿ ವಿನ್ಯಾಸ ಸಿಗುತ್ತದೆ ಮತ್ತು ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಕಷ್ಟವಾದದ್ದು ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ತರುವುದು. ಇನ್ನೂರರಷ್ಟು ಪತ್ರಗಳಲ್ಲಿ ಅರ್ಕಾವೊತ್ತು ಬಂದ ಕಡೆಯೆಲ್ಲ ಅಕ್ಷರಗಳು ಸ್ಥಳ ಬದಲಿಸಿದ್ದವು, ಅವನ್ನು ಕೈಯಿಂದಲೇ ತಿದ್ದಿದೆ.

ಕೊಡಗಿನಲ್ಲಿ ಈ ಚಿಪ್ಪಿನ ನಿಜವಾದ ಬೆಲೆ ಗೊತ್ತಾಗುವುದು ಜುಲೈನಲ್ಲಿ. ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ, ಕೆಲವು ಸಲ ನಾಲ್ಕು ದಿನ ಕರೆಂಟ್ ಇರುವುದಿಲ್ಲ. ನಮ್ಮ ಇನ್ವರ್ಟರಿಗೆ 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಿದೆ. ಪರದೆಯನ್ನು ಅರ್ಧ ಬೆಳಕಿಗೆ ಇಳಿಸಿದರೆ ಇಡೀ ಲ್ಯಾಪ್‌ಟಾಪ್ ಎಳೆಯುವುದು ಒಂಬತ್ತು ಹತ್ತು ವ್ಯಾಟ್, ಆದರೆ ಇನ್ವರ್ಟರ್ ಸುಮ್ಮನೆ ಚಾಲೂ ಇರುವುದಕ್ಕೇ ಅದಕ್ಕಿಂತ ಹೆಚ್ಚು ತಿನ್ನುತ್ತದೆಂದು ಮೀಟರ್ ಹಿಡಿದಾಗ ತಿಳಿಯಿತು. ಆದ್ದರಿಂದ ಇನ್ವರ್ಟರನ್ನು ಆರಿಸಿ, ಬ್ಯಾಟರಿಯಿಂದ ನೇರವಾಗಿ 12ನ್ನು 19 ವೋಲ್ಟಿಗೆ ಏರಿಸುವ ಕನ್ವರ್ಟರ್ ಕಟ್ಟಿದೆ. ಮೊದಲನೆಯದು, 350 ರೂಪಾಯಿಯದು, ಒಂದು ಸಂಜೆ ಹೊಗೆಯಾಯಿತು. 600 ರೂಪಾಯಿಯ ಎರಡನೆಯದರಲ್ಲಿ ಯಂತ್ರ ಓಡಿತು, ಬ್ಯಾಟರಿ ಮಾತ್ರ ಚಾರ್ಜ್ ಆಗಲಿಲ್ಲ, ಏಕೆಂದರೆ ಈ ಮಾದರಿಯ ಚಾರ್ಜರಿನ ನಡುವಿನ ಪಿನ್ನಿನಲ್ಲಿ ಗುರುತಿನ ಸಂಕೇತ ಬರಬೇಕು. ಸತ್ತ ಮೂಲ ಚಾರ್ಜರೊಂದನ್ನು ಒಡೆದು ಆ ತೊಂದರೆಯನ್ನು ನಿವಾರಿಸಿದೆ. ಹೇಗೆಂದು ತಿಳಿಯಬೇಕಾದವರು ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗಬಹುದು. ಎರಡು ಬಲ್ಬುಗಳೊಂದಿಗೆ ಮೂರು ದಿನ ಅದರಲ್ಲಿ ಕೆಲಸ ನಡೆದಿದೆ. ರಜೆಗೆ ಬಂದಿದ್ದ ಅಕ್ಕನ ಮಗನ ಗೇಮಿಂಗ್ ಲ್ಯಾಪ್‌ಟಾಪ್ ಎರಡನೆಯ ದಿನದ ಬೆಳಿಗ್ಗೆಯೇ ಕಣ್ಮುಚ್ಚಿತು, ಅವನ ಕಾಲೇಜಿನ ಅರ್ಜಿ ಈ ಸೆಲೆರಾನಿನಿಂದ ಹೋಯಿತು. ಆ ವಿಷಯವನ್ನು ಅವನ ಮುಂದೆ ನಾನು ಎತ್ತುವುದಿಲ್ಲ, ನನ್ನ ಅಕ್ಕ ಎತ್ತುತ್ತಾಳೆ.

ಬೂಷ್ಟಿಗೆ ಊರಿನ ಉಪಾಯವೇ ಸಾಕಾಯಿತು. ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿ ರೇಷ್ಮೆ ಸೀರೆಗಳನ್ನು ಕಾಯುವಂತೆ ಲ್ಯಾಪ್‌ಟಾಪನ್ನೂ ಅಲ್ಲಿಯೇ ಇಡುತ್ತೇವೆ. ಇದರಲ್ಲಿ ಫ್ಯಾನ್ ಇಲ್ಲದಿರುವುದರಿಂದ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ಭಯವೂ ಕಡಿಮೆ.

ಒಟ್ಟು ಖರ್ಚಿನ ಲೆಕ್ಕ ಹೀಗಿದೆ. ಹಾಳಾದದ್ದು: ತಪ್ಪು ರ‍್ಯಾಮ್ 850, ಸತ್ತ ಎಸ್ಎಸ್‌ಡಿ 1,100, ಐದೇ ತಿಂಗಳಲ್ಲಿ ಉಬ್ಬಿದ ಅಗ್ಗದ ಬ್ಯಾಟರಿ 1,300, ಸುಟ್ಟ ಕನ್ವರ್ಟರ್ 350, ಅಂದರೆ 3,600. ಉಳಿದುಕೊಂಡದ್ದು: ರ‍್ಯಾಮ್, ಎಸ್ಎಸ್‌ಡಿ, 2,200ರ ಒಳ್ಳೆಯ ಬ್ಯಾಟರಿ, ಕನ್ವರ್ಟರ್ ಎಲ್ಲ ಸೇರಿ 6,050. ಹೊಸ ಯಂತ್ರಕ್ಕೆ ಆಗ ನನಗೆ ಹೇಳಿದ್ದ ಬೆಲೆ 32 ಸಾವಿರದಷ್ಟಿತ್ತು. ಊರವರ ಏಳು ಯಂತ್ರಗಳಲ್ಲಿ ಯಾವುದೂ ಐದೂವರೆ ಸಾವಿರ ದಾಟಿಲ್ಲ, ನನ್ನ ಕೂಲಿಯೂ ಅದರಲ್ಲೇ ಸೇರಿದೆ.

ಹತ್ತು ಮಂದಿ ಮುಖ ತೋರಿಸುವ ವಿಡಿಯೋ ಸಭೆಗೆ ಇದನ್ನು ಕೂರಿಸಬಾರದು, ಮಾತು ತುಂಡಾಗುತ್ತದೆ. ಪಹಣಿ ತೆಗೆಯುವಾಗ ಇನ್ನೊಂದು ಟ್ಯಾಬಿನಲ್ಲಿ ವಿಡಿಯೋ ಓಡಿಸಬಾರದು. ಮುಚ್ಚಳ ಮುಚ್ಚಿ ಮಲಗಿಸಿದರೆ ಎದ್ದ ಮೇಲೆ ವೈಫೈ ಬರುವುದಿಲ್ಲ, ಅದನ್ನು ಇನ್ನೂ ಸರಿಪಡಿಸಿಲ್ಲ. 35 ಸೆಕೆಂಡಿನಲ್ಲಿ ಹೊಸದಾಗಿ ಎದ್ದು ಬರುವ ಯಂತ್ರವನ್ನು ಮಲಗಿಸುವುದೇಕೆಂದು ಮನೆಯವಳು ಪೂರ್ತಿ ಆಫ್ ಮಾಡಿಯೇ ಕಪಾಟಿಗೆ ಇಡುತ್ತಾಳೆ.