ಮುಳ್ಳಯ್ಯನಗಿರಿಯ ತುದಿಯಲ್ಲಿ ಮೊಣಕಾಲೂರುವ ಬಗೆ

ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ನಾನು, ಮುಳ್ಳಯ್ಯನಗಿರಿಯ ತುದಿಯಲ್ಲಿ ಹುಳ ಹಿಡಿದು ತಿನ್ನುವ ಡ್ರೊಸೆರಾ ಗಿಡವನ್ನು ಮೊದಲ ಸಲ ಕಂಡದ್ದು ಜಾರಿ ಬಿದ್ದಾಗ. ಕನ್ನಡಕ ಹುಡುಕುತ್ತಿದ್ದ ಕೈಯ ಪಕ್ಕದಲ್ಲೇ, ಅಂಟುಹನಿ ಹೊತ್ತ ಕೆಂಪು ಎಲೆಯಲ್ಲಿ ಗುಂಗುರೊಂದು ಸಿಕ್ಕಿಕೊಂಡಿತ್ತು. ಅಲ್ಲಿಯವರೆಗೆ ನಾನೂ ಎಲ್ಲರಂತೆ ಕಣಿವೆ ನೋಡಿ ಇಳಿಯುತ್ತಿದ್ದವನು.

ಹಾಗಾಗಿ ಮೊದಲ ಮಾತು: ನಿಂತು ನೋಡಬೇಡಿ. 1930 ಮೀಟರ್ ಎತ್ತರದ ಈ ಬೋಳು ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಜೋರು. ಇಲ್ಲಿ ಬದುಕುವುದರಲ್ಲಿ ಹೆಚ್ಚಿನದು ನಿಮ್ಮ ಪಾದದ ಗಂಟಿಗಿಂತ ಎತ್ತರ ಬೆಳೆಯುವುದಿಲ್ಲ. ಮಡಚಿದ ಗೋಣಿಚೀಲ ಒಂದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರ ಒಂದು, ಇಷ್ಟು ಸಾಕು. ದುಬಾರಿ ಕ್ಯಾಮೆರಾ ತಂದವರು ಅದರ ಮಂಜು ಒರೆಸುವುದರಲ್ಲೇ ಬೆಳಗು ಕಳೆಯುವುದನ್ನು ನೋಡಿದ್ದೇನೆ.

ಗೌರಿಹಬ್ಬ ಕಳೆದು ಮಳೆ ಸ್ವಲ್ಪ ಸಡಿಲವಾದ ಮೇಲೆ, ಜನ ಸೇರುವ ಮುಂಚೆ ಹತ್ತಿ. ದೇವಸ್ಥಾನದ ಗದ್ದಲ ಬಿಟ್ಟು, ದಾರಿಯ ಬದಿಯಲ್ಲಿ ನೀರು ಜಿನುಗುವ ಬಂಡೆ ಹುಡುಕಿ. ಪಾಚಿಯ ಮೇಲೆ ಕಾಲಿಡದೆ ಪಕ್ಕದಲ್ಲಿ ಗೋಣಿ ಹಾಸಿ ಕೂತು, ಒಂದು ಗೇಣು ಜಾಗವನ್ನು ಹತ್ತು ನಿಮಿಷ ನೋಡಿ. ಮೊದಲು ಕಣ್ಣಿಗೆ ಬೀಳುವುದು ಬೂದು, ಹಸಿರು, ಕಿತ್ತಳೆ ಬಣ್ಣದ ಕಲೆಗಳು. ಅವು ಕಲೆಗಳಲ್ಲ, ಕಲ್ಲುಹೂವು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವುದರ ದಾಯಾದಿಗಳು. ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಬೆಳವಣಿಗೆ ಬಹಳ ನಿಧಾನ, ಉಗುರಿನಿಂದ ಕೆರೆಯಬೇಡಿ.

ಆಮೇಲೆ ಡ್ರೊಸೆರಾ ಹುಡುಕಿ. ಮಳೆ ತೊಳೆದ ಈ ಮಣ್ಣಿನಲ್ಲಿ ಸಾರಜನಕ ಕಡಿಮೆ. ಆ ಕೊರತೆಯನ್ನು ಅದು ಹುಳದಿಂದ ತುಂಬಿಕೊಳ್ಳುತ್ತದೆ. ಬೆರಳಿನಿಂದ ಮುಟ್ಟಿ ಎಲೆಯನ್ನು ಮೋಸಗೊಳಿಸುವ ಆಟ ಬೇಡ. ಅಲ್ಲೇ ಕಡ್ಡಿಯಂಥ ತೊಟ್ಟಿನ ಮೇಲೆ ಪುಟ್ಟ ನೇರಳೆ ಹೂವಿದ್ದರೆ ಅದು ಯುಟ್ರಿಕ್ಯುಲೇರಿಯಾ ಇರಬಹುದು. ಅದರ ಬೇಟೆ ನಡೆಯುವುದು ಒದ್ದೆ ಮಣ್ಣಿನೊಳಗಿನ ಸೂಕ್ಷ್ಮ ಚೀಲಗಳಲ್ಲಿ. ಮುಟ್ಟಲೇಬೇಕೆಂಬ ಚಪಲವಿದ್ದರೆ ಕಾಡು ಕರ್ಣಕುಂಡಲದ ಬಲಿತ ಕಾಯಿಯನ್ನು ಮೆಲ್ಲಗೆ ಮುಟ್ಟಿ. ಪಟ್ಟೆಂದು ಒಡೆದು ಬೀಜ ಸಿಡಿಸುತ್ತದೆ. ಒಂದೇ ಕಾಯಿ, ಮಕ್ಕಳಿದ್ದರೆ ಎರಡು.

ನೀಲಕುರಿಂಜಿ ಎಲ್ಲಿ ಎಂದು ಪ್ರತಿ ವರ್ಷ ಕೇಳುತ್ತಾರೆ. ಅದು ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಪೊದೆ. ಉಳಿದ ವರ್ಷಗಳಲ್ಲಿ ಅದರ ಎಲೆ ನೋಡಿ ಗುರುತಿಟ್ಟುಕೊಳ್ಳಿ.

ಬೆನ್ನು ನೋಯತೊಡಗಿದಾಗ ಎದ್ದು ಕೆಳಗಿನ ಇಳಿಜಾರು ನೋಡಿ. ಹುಲ್ಲಿನ ನಡುವೆ, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕುಳ್ಳು ಮರಗಳ ಕಪ್ಪು ತೇಪೆಗಳಿವೆ. ಗಾಳಿ ತಾಗದ, ನೀರೂ ಮಣ್ಣೂ ನಿಲ್ಲುವ ಕಡೆ ಬೆಳೆದ ಶೋಲಾ ಕಾಡು ಅದು. ಅದರ ಅಂಚಿಗೆ ಹೋಗುವ ಆಸೆ ಬಿಡಿ; ಕಾಟಿಯ ಭಯ ಒತ್ತಟ್ಟಿಗಿರಲಿ, ಇಂಬಳಗಳೇ ಸಾಕು.

ಚಳಿಗಾಲದಲ್ಲಿ ಬಂದವರಿಗೆ ಇನ್ನೊಂದು ಲಾಭವಿದೆ. ಆಗ ವಲಸೆ ಬರುವ ಚಾಣ ಎಂಬ ಬೇಟೆಹಕ್ಕಿ, ಗಾಳಿಗೆ ಎದೆಕೊಟ್ಟು ಆಕಾಶದ ಒಂದೇ ಬಿಂದುವಿನಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ತಲೆ ಮಾತ್ರ ಮೊಳೆ ಹೊಡೆದಂತೆ ಸ್ಥಿರ. ಅದು ನೋಡುತ್ತಿರುವುದೂ ಹುಲ್ಲಿನ ಬುಡವನ್ನೇ.