ವೃತ್ತಿಪರ ಅಡುಗೆಮನೆಯ ಉಡುಪು: ಕೊಳ್ಳುವ, ತೊಡುವ ಮತ್ತು ಒಗೆಯುವ ಕ್ರಮ

ಹೋಟೆಲಿನ ಅಡುಗೆಮನೆಗೆ ಹೊಸದಾಗಿ ಸೇರುವವರು ಉಡುಪಿಗೆಂದು ತೆಗೆದಿರಿಸಿದ ಹಣದ ಬಹುಪಾಲನ್ನು ಕೋಟಿಗೂ ಅದರ ಎದೆಯ ಮೇಲಿನ ಕಸೂತಿಗೂ ವೆಚ್ಚ ಮಾಡಿ, ಉಳಿದುದರಲ್ಲಿ ಸಿಕ್ಕ ಬೂಟನ್ನು ಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ಅಡುಗೆಮನೆಯ ಉಡುಪಿಗೆ ಇರುವುದು ಎರಡೇ ಕೆಲಸ: ಬೆಂಕಿ, ಹಬೆ, ಎಣ್ಣೆ, ಚಾಕುಗಳಿಂದ ಬಾಣಸಿಗರ ಮೈಯನ್ನು ಕಾಯುವುದು, ಹಾಗೂ ಬಾಣಸಿಗರ ಕೂದಲು, ಬೆವರು, ಬೀದಿಯ ದೂಳುಗಳಿಂದ ಅಡುಗೆಯನ್ನು ಕಾಯುವುದು. ಈ ಎರಡರಲ್ಲಿ ಒಂದಕ್ಕೂ ಒದಗದ ಅಲಂಕಾರಕ್ಕೆ ಹಣ ಕೊಡುವ ಅಗತ್ಯವಿಲ್ಲ.

ಆದ್ದರಿಂದ ಮೊದಲು ಬೂಟನ್ನು ಆರಿಸಬೇಕು. ಗಂಜಿ ಬಸಿದ ನೀರು, ವಡೆಯ ಬಾಣಲೆಯಿಂದ ಸಿಡಿದ ಎಣ್ಣೆ, ತೊಳೆದ ಪಾತ್ರೆಯಿಂದ ತೊಟ್ಟಿಕ್ಕಿದ ಸೋಪಿನ ನೊರೆ ಎಲ್ಲವೂ ಕೊನೆಗೆ ಸೇರುವುದು ನೆಲಕ್ಕೆ. ಕೈಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆ ಹಿಡಿದು ಆ ನೆಲದ ಮೇಲೆ ನಡೆಯುವವರಿಗೆ ಜಾರದ ಅಡಿಯಟ್ಟೆಗಿಂತ ದೊಡ್ಡ ರಕ್ಷಣೆ ಇಲ್ಲ. ಪಾದದ ಮೇಲ್ಭಾಗ ಪೂರ್ತಿ ಮುಚ್ಚಿರಬೇಕು. ಚರ್ಮದ್ದೋ ದ್ರವ ಒಳಗಿಳಿಯದ ಇನ್ನಾವುದಾದರೂ ದಪ್ಪ ವಸ್ತುವಿನದ್ದೋ ಆಗಿರಬೇಕು. ಭಾರದ ಪಾತ್ರೆಗಳನ್ನು ಎತ್ತಿ ಇಳಿಸುವವರಾದರೆ ಬೆರಳುಗಳ ಮೇಲೆ ಗಟ್ಟಿ ಕವಚವಿರುವ ಸೇಫ್ಟಿ ಶೂ ಒಳ್ಳೆಯದು. ಲೇಸಿಲ್ಲದ ಬೂಟು ಇನ್ನೂ ಲೇಸು, ಏಕೆಂದರೆ ಒಳಗೆ ಬಿಸಿ ಎಣ್ಣೆ ಬಿದ್ದಾಗ ಅದನ್ನು ಕ್ಷಣದಲ್ಲಿ ಒದರಿ ಕಳಚಬಹುದು. ಮೇಲೆ ರಂಧ್ರಗಳಿರುವ ರಬ್ಬರ್ ಪಾದರಕ್ಷೆ, ಹವಾಯಿ ಚಪ್ಪಲಿ, ಓಟದ ಬಟ್ಟೆಶೂಗಳು ಅಡುಗೆಮನೆಗೆ ಸಲ್ಲವು. ಸಂಜೆಯ ಹೊತ್ತಿಗೆ ಪಾದ ಕೊಂಚ ಊದಿಕೊಳ್ಳುವುದರಿಂದ, ದಪ್ಪ ಹತ್ತಿಯ ಕಾಲುಚೀಲ ತೊಟ್ಟು ಸಂಜೆಯೇ ಹೋಗಿ ಅಳತೆ ನೋಡುವುದು ಲೇಸು.

ಎರಡನೆಯದು ಬಟ್ಟೆ. ಕೋಟಾಗಲಿ ಪ್ಯಾಂಟಾಗಲಿ ಅಪ್ಪಟ ಹತ್ತಿಯದಾದರೆ ಉತ್ತಮ. ಒಗೆಯಲು ಸುಲಭ, ಇಸ್ತ್ರಿ ಕಡಿಮೆ ಸಾಕು ಎಂಬ ಕಾರಣಕ್ಕೆ ಪಾಲಿಯೆಸ್ಟರ್ ಬೆರೆತ ಬಟ್ಟೆ ಎಲ್ಲೆಡೆ ಮಾರಾಟವಾಗುತ್ತಿದೆ. ಕರಿಯುವ ಎಣ್ಣೆಯ ಬಿಸಿ ಸಾಮಾನ್ಯವಾಗಿ 170ರಿಂದ 190 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಎಣ್ಣೆಯ ಹನಿಗೆ ಅದು ಕರಗುವುದಿಲ್ಲ ನಿಜ, ಆದರೆ ಹೈ ಪ್ರೆಶರ್ ಬರ್ನರಿನ ಜ್ವಾಲೆ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಗಾಯ ಇನ್ನಷ್ಟು ಆಳವಾಗುತ್ತದೆ. ಅಂಗಡಿಯವರ ಮಾತು ಸಾಲದೆನಿಸಿದರೆ ಹೊಲಿಗೆಯ ಒಳಭಾಗದಿಂದ ಒಂದೆಳೆ ದಾರ ತೆಗೆದು, ಬಯಲಲ್ಲಿ ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು: ಹತ್ತಿ ಕಾಗದದ ವಾಸನೆ ಬೀರುತ್ತಾ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕುಗ್ಗಿ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದುಂಟು. ದರ್ಜಿಯಿಂದ ಹೊಲಿಸುವವರು ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿ ಕೊಡಬೇಕು.

ಶೆಫ್ ಕೋಟಿನ ಎದೆಭಾಗ ಎರಡು ಪದರದ್ದಾಗಿರುವುದು ಅಂದಕ್ಕಲ್ಲ. ಸಿಡಿದ ಬಿಸಿ ಮೈ ಮುಟ್ಟುವುದನ್ನು ಅದು ತುಸು ತಡೆಯುತ್ತದೆ, ಮತ್ತು ಹೊರಪದರಕ್ಕೆ ಕಲೆಯಾದಾಗ ಗುಂಡಿಗಳನ್ನು ಎದುರು ಬದಿಗೆ ಹಾಕಿ ಶುಭ್ರವಾದ ಪದರವನ್ನು ಮೇಲೆ ತರಬಹುದು. ಬಿಳಿ ಕೋಟನ್ನು ರೂಢಿಗೆ ತಂದ ಹಿರಿಮೆ ಫ್ರಾನ್ಸಿನ ಬಾಣಸಿಗ ಮಾರಿ ಆಂತ್ವಾನ್ ಕರೇಮ್ (1784–1833) ಅವರಿಗೆ ಸಲ್ಲುತ್ತದೆಂಬುದು ಈ ವೃತ್ತಿಯವರ ಮಾತು. ಕೊಳೆಯನ್ನು ಮರೆಮಾಚದ ಬಣ್ಣವೇ ಅಡುಗೆಮನೆಗೆ ತಕ್ಕ ಬಣ್ಣವೆಂದು ನಾನೂ ನಂಬುತ್ತೇನೆ. ತೋಳು ಮಣಿಕಟ್ಟಿನವರೆಗೂ ಇರಲಿ. ಇಡ್ಲಿ ಪಾತ್ರೆಯ ಮುಚ್ಚಳ ತೆರೆಯುವವರು, ತಂದೂರಿನೊಳಗೆ ಕೈಯಿಳಿಸುವವರು ಅದನ್ನು ಮೊಣಕೈಗೆ ಮಡಚಬಾರದು. ಬಟ್ಟೆಯಿಂದಲೇ ಗಂಟು ಕಟ್ಟಿದ ಗುಂಡಿಗಳು ಒಡೆದು ಹಿಟ್ಟಿಗೆ ಬೀಳುವುದಿಲ್ಲ. ಸುಲಭವಾಗಿ ಎಳೆದು ತೆರೆಯಬಲ್ಲ ಪ್ರೆಸ್ ಬಟನ್ನುಗಳೂ ಆದೀತು. ಪ್ಯಾಂಟು ಸಡಿಲವಾಗಿ, ಬೂಟಿನ ಮೇಲೆ ಇಳಿಬೀಳುವಷ್ಟು ಉದ್ದವಾಗಿ, ಅಂಚಿನಲ್ಲಿ ಹೊರಮಡಿಕೆ ಇಲ್ಲದೆ ಇರಬೇಕು. ಮಡಿಕೆಯಿದ್ದರೆ ಸುರಿದ ಬಿಸಿದ್ರವ ಅಲ್ಲೇ ನಿಲ್ಲುತ್ತದೆ.

ಏಪ್ರನ್ ಮೊಣಕಾಲಿನ ಕೆಳಗೆ ಇಳಿಯಬೇಕು. ಅದರ ದಾರವನ್ನು ಸೊಂಟದ ಸುತ್ತ ತಂದು ಮುಂದೆ, ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ ಕಟ್ಟಬೇಕು. ಕುದಿಯುವ ಸಾರು ಚೆಲ್ಲಿದಾಗ ನೆನೆದ ಬಟ್ಟೆ ಬಿಸಿಯನ್ನು ಮೈಗೇ ಒತ್ತಿ ಹಿಡಿಯುವುದರಿಂದ ಅದನ್ನು ಕೂಡಲೇ ಕಳಚಿ, ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಅದನ್ನು ಎಳೆಯದೆ, ಅದರ ಮೇಲೆಯೇ ತಣ್ಣೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಡಸ್ಟರುಗಳು ಎರಡಿರಲಿ. ಬಿಸಿ ಪಾತ್ರೆ ಹಿಡಿಯುವ ಡಸ್ಟರ್ ಸದಾ ಒಣಗಿರಬೇಕು, ಏಕೆಂದರೆ ಒದ್ದೆ ಬಟ್ಟೆಯ ನೀರು ಕಾದು ಹಬೆಯಾಗಿ ಅಂಗೈಯನ್ನೇ ಸುಡುತ್ತದೆ. ಒರೆಸುವುದಕ್ಕೆ ಇನ್ನೊಂದು. ಮದುವೆ ಮನೆಯ ಅಡುಗೆಭಟ್ಟರ ಹೆಗಲ ವಸ್ತ್ರ ಬೆವರು ಒರೆಸಲೂ ಕೊಪ್ಪರಿಗೆ ಇಳಿಸಲೂ ಒಂದೇ ಆಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಎತ್ತಿ ಕಟ್ಟಿದ ಪಂಚೆ, ಬರಿಗಾಲುಗಳೂ ಅಷ್ಟೇ ಅಪಾಯಕರ. ಅವರ ಅನುಭವಕ್ಕೆ ಗೌರವವಿಟ್ಟೇ, ಗುತ್ತಿಗೆ ಹಿಡಿಯುವವರು ಅವರಿಗೂ ಬೂಟು, ಏಪ್ರನ್ ಕೊಡಿಸಬೇಕೆಂದು ಹೇಳುತ್ತೇನೆ.

ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ, ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ಹೆಣ್ಣುಮಕ್ಕಳು ಹೆಚ್ಚಾಗಿ ಸೀರೆಯಲ್ಲೇ ದುಡಿಯುತ್ತಾರೆ. ಅವರ ಪಾಲಿಗೆ ಸಿಂಥೆಟಿಕ್ ಸೀರೆಯ ಸಡಿಲ ಸೆರಗು ಎಲ್ಲಕ್ಕಿಂತ ದೊಡ್ಡ ಅಪಾಯ. ಹತ್ತಿ ಸೀರೆಯುಟ್ಟು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಗುಂಡಿ ಹಾಕುವ ಉದ್ದನೆಯ ಹತ್ತಿ ಕೋಟು ತೊಟ್ಟರೆ ಒಲೆಯ ಮುಂದೆ ಬಾಗಿದಾಗ ಜ್ವಾಲೆಗೆ ಸಿಗುವ ಬಟ್ಟೆಯೇ ಇರುವುದಿಲ್ಲ. ಇಂಥ ಕೋಟನ್ನು ಕೆಲಸ ಕೊಟ್ಟವರೇ ಹೊಲಿಸಿಕೊಡುವುದು ನ್ಯಾಯ.

ತಲೆಗೆ ಟೋಪಿ ಇರಲಿ, ಉದ್ದ ಕೂದಲಿದ್ದರೆ ಅದರ ಒಳಗೆ ಜಾಲರಿ. ಗಡ್ಡಕ್ಕೂ ಇದೇ ನಿಯಮ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳ ನಾಲ್ಕನೆಯ ಅನುಸೂಚಿ ಶುಭ್ರ ಉಡುಪನ್ನೂ ತಲೆಗವಸನ್ನೂ ಕೇಳುತ್ತದೆ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು ಬರಬೇಕು; ಕೈಯ ಗಾಯಕ್ಕೆ ನೀರು ತಾಗದ, ಆಹಾರಕ್ಕೆ ಬಿದ್ದರೂ ತಟ್ಟನೆ ಕಾಣುವ ನೀಲಿ ಪಟ್ಟಿ ಹಚ್ಚಬೇಕು. ಬಿಸಾಡುವ ಪ್ಲಾಸ್ಟಿಕ್ ಕೈಗವಸು ತೊಟ್ಟು ಒಲೆಯ ಬಳಿ ನಿಲ್ಲಬಾರದು.

ಕನಿಷ್ಠ ಮೂರು ಜೊತೆ ಉಡುಪು ಬೇಕು: ಮೈಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು. ಮನೆಯಿಂದಲೇ ಉಟ್ಟು ಬಸ್ಸಿನಲ್ಲಿ ಬರದೆ, ಕೆಲಸದ ಸ್ಥಳದಲ್ಲೇ ಬದಲಿಸಬೇಕು. ಅರಿಸಿನದ ಕಲೆಯನ್ನು ಬಿಸಿಲಿನಲ್ಲಿ ಒಣಹಾಕಿದರೆ ಬಹುಮಟ್ಟಿಗೆ ಮಾಸುತ್ತದೆ. ಎಣ್ಣೆ ಕಲೆಗೆ ಒಗೆಯುವ ಮುನ್ನ ಪಾತ್ರೆ ತೊಳೆಯುವ ದ್ರವ ಹಚ್ಚಿ ಬಿಡಬೇಕು. ಡಸ್ಟರ್, ಏಪ್ರನ್‌ಗಳನ್ನು ಮನೆಯ ಬಟ್ಟೆಗಳೊಡನೆ ಬೆರೆಸದೆ ಬಿಸಿನೀರಿನಲ್ಲಿ ಪ್ರತ್ಯೇಕವಾಗಿ ಒಗೆಯಬೇಕು. ಎಣ್ಣೆ ಜಿಡ್ಡು ಪೂರ್ತಿ ಹೋಗದ ಬಟ್ಟೆ ಬೆಂಕಿಗೆ ಬೇಗ ಹೊತ್ತಿಕೊಳ್ಳುವುದರಿಂದ ಅಂಥದನ್ನು ಬಳಕೆಯಿಂದ ತೆಗೆದುಬಿಡಿ. ಬೂಟಿನ ಅಡಿಯ ಗೀರುಗಳು ಸವೆದು ನುಣುಪಾದಾಗ, ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ, ಹೊಸ ಜೊತೆ ಕೊಳ್ಳಿ.