ಸರ್ಕಾರಿ ಶಾಲೆಗೆ ಕಂಪ್ಯೂಟರ್ ತರೋಕೆ ಮುಂಚೆ ಎಸ್‌ಡಿಎಂಸಿಯವರು ಕೂತು ಮಾಡ್ಬೇಕಾದ ಪ್ಲಾನ್

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ನಾನು ಒಂದು ಅವಧಿ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ಆಗಿದ್ದೆ, ಆಗ ದಾನಿಗಳೊಬ್ರು ಎಂಟು ಕಂಪ್ಯೂಟರ್ ಕೊಟ್ರು. ಶಾಮಿಯಾನ ಹಾಕಿ, ಹಾರ ಹಾಕಿ, ಫೋಟೊ ತೆಗೆಸಿ ಒಂದು ರೂಮಲ್ಲಿ ಜೋಡಿಸಿಟ್ವಿ. ಎರಡನೇ ಮಳೆಗಾಲ ಮುಗಿಯೋ ಹೊತ್ತಿಗೆ ಐದು ಆನ್ ಆಗ್ತಿರ್ಲಿಲ್ಲ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋದು ಯಾರ ಕೆಲಸ ಅಂತ ನಾವು ಯಾವತ್ತೂ ಮಾತಾಡಿರ್ಲಿಲ್ಲ, ಯಾವ ಕ್ಲಾಸಿನ ಮಕ್ಕಳು ಯಾವ ದಿನ ಕೂರ್ಬೇಕು ಅಂತ ಎಲ್ಲೂ ಬರೆದಿರ್ಲಿಲ್ಲ. ಏಳನೇ ಕ್ಲಾಸ್ ಹುಡುಗಿ ಒಬ್ಳು "ಮಾಮ, ನಾವು ಈ ಶಾಲೆ ಬಿಟ್ಟು ಹೋಗೋದ್ರೊಳಗೆ ಒಂದ್ಸಲ ಆದ್ರೂ ಮುಟ್ಟಕ್ಕೆ ಬಿಡ್ತಾರಾ" ಅಂತ ಕೇಳಿದ್ಳು, ಅದು ಇವತ್ತಿಗೂ ನಂಗೆ ಚುಚ್ಚತ್ತೆ. ಆಮೇಲೆ ಕಲಿತ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ, ನಿಮ್ಮ ಶಾಲೆಗೆ ಹಿಂಗಾಗೋದು ಬೇಡ.

ಮೊದಲ ಮೀಟಿಂಗಲ್ಲಿ ಕಂಪ್ಯೂಟರ್ ಅನ್ನೋ ಪದಾನೇ ಎತ್ಬೇಡಿ. ಟೀಚರುಗಳನ್ನ ಕೂರಿಸ್ಕೊಂಡು "ಮಕ್ಕಳಿಗೆ ಎಲ್ಲಿ ಕಷ್ಟ ಆಗ್ತಿದೆ, ನಿಮಗೆ ಹೇಳಿಕೊಡೋಕೆ ಎಲ್ಲಿ ಸಾಮಾನು ಸಾಲ್ತಿಲ್ಲ" ಅಂತ ಕೇಳಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ. ಐದನೇ ಕ್ಲಾಸಿನ ಅರ್ಧ ಮಕ್ಕಳಿಗೆ ಭಿನ್ನರಾಶಿ ಹತ್ತಲ್ಲ, ಏಳನೇ ಕ್ಲಾಸಿಗೆ ವಿದ್ಯುತ್ ಮಂಡಲದ ಪಾಠ ಇದೆ ಆದ್ರೆ ಲ್ಯಾಬ್ ಇಲ್ಲ, ಇಂಗ್ಲಿಷ್ ಕಿವಿಗೆ ಬೀಳೋದೇ ಇಲ್ಲ, ಹಿಂಗೆ ಬರತ್ತೆ. ಇದ್ರಲ್ಲಿ ಮೂರೇ ಮೂರು ಆರಿಸ್ಕೊಳ್ಳಿ. ಈಗ ಒಂದೊಂದಕ್ಕೂ ಏನು ಬೇಕು ನೋಡಿದ್ರೆ ಲೆಕ್ಕ ತಾನಾಗೇ ಬದಲಾಗತ್ತೆ: ಭಿನ್ನರಾಶಿಗೆ ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಸಾಕು, ವಿದ್ಯುತ್ ಮಂಡಲಕ್ಕೆ ಕೊಲರಾಡೊ ಯುನಿವರ್ಸಿಟಿಯವರ ಫೆಟ್ ಸಿಮ್ಯುಲೇಷನ್ನು (ಸ್ಕ್ರೀನ್ ಮೇಲೇ ಪ್ರಯೋಗ ಮಾಡಿ ನೋಡೋದು) ಇದೆ, ಎರಡೂ ಫ್ರೀ, ಇಂಗ್ಲಿಷ್ ಕೇಳ್ಸೋಕೆ ಒಂದು ಒಳ್ಳೆ ಸ್ಪೀಕರ್ ಮತ್ತೆ ಪೆನ್‌ಡ್ರೈವ್ ಆದ್ರೆ ಆಯ್ತು. ನಲಿ ಕಲಿ ಮಾಡೋ ಸಣ್ಣ ಮಕ್ಕಳಿಗಂತೂ ಕಾರ್ಡು, ಕಲ್ಲು, ಕಡ್ಡಿ ಮುಟ್ಟಿ ಕಲಿಯೋದೇ ಮುಖ್ಯ, ಅವರಿಗೆ ಸ್ಕ್ರೀನ್ ಬೇಡ ಅಂತಾನೇ ನನ್ನ ಅಭಿಪ್ರಾಯ.

ಬರೀ ಮೆಷಿನ್ ತಂದಿಟ್ರೆ ಮಕ್ಕಳು ಕಲೀತಾರೆ ಅನ್ನೋದನ್ನ ಪೆರು ದೇಶದವರು ದೊಡ್ಡದಾಗಿ ಮಾಡಿ ನೋಡಿದಾರೆ. ಎಂಟು ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿದ್ರು, 2012ರಲ್ಲಿ ಅಲ್ಲಿನ 319 ಹಳ್ಳಿ ಶಾಲೆಗಳ ಅಧ್ಯಯನ ಬಂತು, ಗಣಿತದಲ್ಲೂ ಭಾಷೆಯಲ್ಲೂ ಮಾರ್ಕ್ಸ್ ಏರಿದ್ದಕ್ಕೆ ಸಾಕ್ಷಿ ಸಿಗ್ಲಿಲ್ಲ. ಪಾಠಕ್ಕೂ ಮೆಷಿನ್ನಿಗೂ ಗಂಟು ಹಾಕ್ದೇ ಇದ್ರೆ ಎಲ್ಲಿ ಆದ್ರೂ ಇದೇ ಕಥೆ ಅಂತ ನನಗೆ ಅನ್ಸತ್ತೆ.

ಎರಡನೇ ಕೆಲಸ ಟೈಮ್‌ಟೇಬಲ್. ಇದನ್ನ ಯಾರೂ ಮೊದಲು ಮಾಡಲ್ಲ, ಆದ್ರೆ ಇದೇ ಜೀವಾಳ. ನಮ್ಮ ಶಾಲೆ ಲೆಕ್ಕಾನೇ ತಗೊಳ್ಳಿ, ನಾಲ್ಕರಿಂದ ಏಳರವರೆಗೆ ಕ್ಲಾಸಿಗೆ 30ರಂತೆ 120 ಮಕ್ಕಳು, ಎಂಟು ಮೆಷಿನ್. ಒಂದಕ್ಕೆ ಇಬ್ರು ಕೂತ್ರೆ ಒಂದು ಪಿರಿಯಡ್‌ಗೆ ಅರ್ಧ ಕ್ಲಾಸ್ ಅಷ್ಟೇ, ಅಂದ್ರೆ ವಾರಕ್ಕೆ ಎಂಟು ಪಿರಿಯಡ್ ಎತ್ತಿಟ್ರೆ ಒಂದೊಂದು ಮಗುಗೆ ವಾರಕ್ಕೆ 40 ನಿಮಿಷ ಸಿಗತ್ತೆ. ಪರೀಕ್ಷೆ, ರಜೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಎಲ್ಲ ಕಳೆದು 30 ವಾರ ಸಿಕ್ರೆ ವರ್ಷಕ್ಕೆ 20 ಗಂಟೆ. ಅದೂ ಇನ್ನೊಂದು ಮಗು ಜೊತೆ ಹಂಚ್ಕೊಂಡು. ಈ 20 ಗಂಟೆನ ಪೇಂಟ್‌ನಲ್ಲಿ ಗೀಚೋದಕ್ಕೆ ಖರ್ಚು ಮಾಡ್ತೀರೋ ಆ ಮೂರು ಪಾಠಕ್ಕೆ ಖರ್ಚು ಮಾಡ್ತೀರೋ ಈಗ್ಲೇ ತೀರ್ಮಾನ ಆಗ್ಬೇಕು. ಅರ್ಧ ಕ್ಲಾಸ್ ಕಂಪ್ಯೂಟರ್ ರೂಮಲ್ಲಿದ್ದಾಗ ಉಳಿದ ಅರ್ಧವನ್ನ ಯಾರು ನೋಡ್ಕೋತಾರೆ ಅನ್ನೋದನ್ನೂ ಬರೀರಿ, ಇಬ್ರೇ ಟೀಚರ್ ಇರೋ ಶಾಲೆ ಆದ್ರೆ ಕಂಪ್ಯೂಟರ್ ರೂಮಿನ ಆಸೆ ಬಿಟ್ಟು ಕ್ಲಾಸ್‌ರೂಮಲ್ಲೇ ಒಂದು ಲ್ಯಾಪ್‌ಟಾಪ್, ಒಂದು ಟಿವಿ ಇಟ್ಕೊಳ್ಳೋದು ವಾಸಿ. ಮತ್ತೆ ಒಂದು ಮಾತು, ಇಬ್ರು ಕೂತಾಗ ಮೌಸ್ ಯಾರ ಕೈಲಿರತ್ತೆ ಗಮನಿಸಿ. ನಮ್ಮಲ್ಲಿ ಹುಡುಗ್ರೇ ಹಿಡ್ಕೊಂಡು ಬಿಡ್ತಿದ್ರು, ಹುಡುಗೀರು ಪಕ್ಕದಲ್ಲಿ ನೋಡ್ಕೊಂಡು ಕೂರ್ತಿದ್ರು, ಹತ್ತು ನಿಮಿಷಕ್ಕೊಂದ್ಸಲ ಜಾಗ ಬದಲಿ ಅಂತ ಗೋಡೆ ಮೇಲೆ ಬರೆಸಿದ್ಮೇಲೇ ಸರಿಹೋಯ್ತು.

ಇನ್ನು ಕರೆಂಟು. ಇಲ್ಲಿ ಸ್ವಲ್ಪ ನಿಧಾನಕ್ಕೆ ಲೆಕ್ಕ ಹಾಕಿ. ಹಳೇ ಡೆಸ್ಕ್‌ಟಾಪ್ ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಅಂತ ಇಟ್ಕೊಂಡ್ರೆ ಎಂಟಕ್ಕೆ 800, ಎರಡು ಗಂಟೆ ಕರೆಂಟ್ ಹೋದ್ರೂ ನಡೀಬೇಕು ಅಂದ್ರೆ 1600 ವ್ಯಾಟ್ ಅವರ್ ಬೇಕು. 12 ವೋಲ್ಟಿನ 150 ಎಎಚ್ ಬ್ಯಾಟರಿ ಪೇಪರ್ ಮೇಲೆ 1800 ಕೊಡತ್ತೆ, ಆದ್ರೆ ಲೆಡ್ ಆ್ಯಸಿಡ್ ಬ್ಯಾಟರಿನ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬೇಗ ಸಾಯತ್ತೆ, ಅಲ್ಲಿಗೆ 900 ಮಾತ್ರ ನಮ್ಮದು. ಎರಡು ಬ್ಯಾಟರಿ ಬೇಕೇ ಬೇಕು, ಅದೂ ಹೊಸದಾಗಿದ್ದಾಗ. ಲ್ಯಾಪ್‌ಟಾಪ್ ಆದ್ರೆ ಅರ್ಧಕ್ಕಿಂತ ಕಡಿಮೆ ಕರೆಂಟ್ ತಿನ್ನತ್ತೆ, ಬ್ಯಾಟರಿನೂ ಒಳಗೇ ಇರತ್ತೆ, ಆದ್ರೆ ಕಳ್ಳತನದ ಭಯ ಜಾಸ್ತಿ, ಕಬ್ಬಿಣದ ಬೀರು ಮತ್ತೆ ಕಿಟಕಿಗೆ ಗ್ರಿಲ್ ಆಗೇ ಆಗ್ಬೇಕು. ಅರ್ಥಿಂಗ್ ಮಾಡಿಸ್ದೆ ಒಂದು ಪ್ಲಗ್ ಕೂಡ ಹಾಕ್ಬೇಡಿ, ಇದು ಮಕ್ಕಳ ಜೀವದ ಪ್ರಶ್ನೆ. ಅರ್ಥಿಂಗ್ ಗುಂಡಿಗೆ ಬೇಸಿಗೆಲಿ ನೀರು ಹಾಕ್ಬೇಕು, ಗುಡುಗು ಸಿಡಿಲು ಶುರುವಾದ್ರೆ ಪ್ಲಗ್ ಕಿತ್ತು ಇಡ್ಬೇಕು, ಬ್ಯಾಟರಿ ನೀರು ಎರಡು ತಿಂಗಳಿಗೊಮ್ಮೆ ನೋಡ್ಬೇಕು, ಈ ಮೂರೂ ಕೆಲಸಕ್ಕೆ ಹೆಸರು ಹಾಕಿ ರೂಮಿನ ಬಾಗಿಲ ಹಿಂದೆ ಅಂಟಿಸಿ. ರೂಮು ಸೋರತ್ತಾ ಅಂತ ಜೂನ್ ಜುಲೈಲಿ ಒಂದ್ಸಲ ನೋಡಿನೇ ಆರಿಸ್ಕೊಳ್ಳಿ, ಬೇಸಿಗೆಲಿ ಎಲ್ಲ ರೂಮೂ ಚೆನ್ನಾಗೇ ಕಾಣತ್ತೆ.

ಮೆಷಿನ್ ಯಾವುದು ಅನ್ನೋದು ಇಷ್ಟೆಲ್ಲ ಆದ್ಮೇಲೆ. ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿದ್ರು, ವಿಂಡೋಸ್ 11 ಹತ್ತದ ಎಷ್ಟೋ ಕಂಪ್ಯೂಟರ್ ಆಫೀಸುಗಳಲ್ಲಿ ಇನ್ನೂ ಗಟ್ಟಿಯಾಗೇ ಇವೆ, ಬೆಂಗಳೂರಲ್ಲಿ ಕೆಲಸ ಮಾಡೋ ಹಳೇ ವಿದ್ಯಾರ್ಥಿಗಳನ್ನ ಕೇಳಿ ನೋಡಿ. ಅವಕ್ಕೆ ವಿಂಡೋಸ್ ಬದಲು ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿದ್ರೆ ಲೈಸೆನ್ಸ್ ಖರ್ಚಿಲ್ಲ, ಪೆನ್‌ಡ್ರೈವಿಂದ ಬರೋ ವೈರಸ್ ಕಾಟಾನೂ ತುಂಬಾ ಕಮ್ಮಿ. ಹಳೇ ಮೆಷಿನ್ ತಗೊಳ್ಳೋವಾಗ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 4 ಜಿಬಿಗಿಂತ ಕಮ್ಮಿ ಇರೋದನ್ನ ಕೈ ಮುಗಿದು ಬೇಡ ಅನ್ನಿ, ದಾನ ಅಂತ ಬಂದಿದ್ದೆಲ್ಲ ತಗೊಂಡ್ರೆ ಶಾಲೆ ಗುಜರಿ ಅಂಗಡಿ ಆಗತ್ತೆ. ಕನ್ನಡ ಟೈಪಿಂಗ್ ಮೊದಲ ದಿನದಿಂದ ಯೂನಿಕೋಡಲ್ಲೇ (ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ವ್ಯವಸ್ಥೆ) ಕಲಿಸಿ, ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಬೇರೆ ಕಡೆ ತೆಗೆದ್ರೆ ಅರ್ಥವಿಲ್ಲದ ಅಕ್ಷರ ಆಗಿ ಕಾಣತ್ತೆ.

ಇಂಟರ್ನೆಟ್ ಇಲ್ಲ ಅಂತ ಪ್ಲಾನ್ ನಿಲ್ಲಿಸ್ಬೇಡಿ. ಕಿವಿಕ್ಸ್ ಅಂತ ಸಾಫ್ಟ್‌ವೇರ್ ಇದೆ, ಕನ್ನಡ ವಿಕಿಪೀಡಿಯವನ್ನ ಒಂದ್ಸಲ ಡೌನ್‌ಲೋಡ್ ಮಾಡಿ ತಂದ್ರೆ ನೆಟ್ ಇಲ್ದೇನೂ ಓದ್ಬಹುದು. ಸರ್ಕಾರದ ದೀಕ್ಷಾ ಆ್ಯಪಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಬರೋ ವಿಡಿಯೋಗಳನ್ನೂ ಟೀಚರ್ ಮನೆಲೇ ಇಳಿಸ್ಕೊಂಡು ಬರ್ಬಹುದು. ಗ್ರಾಮ ಪಂಚಾಯ್ತಿಗೆ ಕೇಂದ್ರ ಸರ್ಕಾರದ ಭಾರತ್‌ನೆಟ್ ಇಂಟರ್ನೆಟ್ ಫೈಬರ್ ಬಂದಿದ್ರೆ ಶಾಲೆಗೂ ಒಂದು ಕನೆಕ್ಷನ್ ಕೊಡಿ ಅಂತ ಅರ್ಜಿ ಹಾಕಿ, ಅರ್ಜಿಗೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ಟೀಚರುಗಳ ವಿಷಯ ಸೂಕ್ಷ್ಮ. ಅವರಿಗೆ ಎಸ್‌ಎಟಿಎಸ್ (ಮಕ್ಕಳ ದಾಖಲೆಯ ಸರ್ಕಾರಿ ವೆಬ್‌ಸೈಟ್) ಎಂಟ್ರಿ, ಬಿಸಿಯೂಟದ ಲೆಕ್ಕ, ಸಮೀಕ್ಷೆ ಅಂತ ಹೊರೆ ಇದ್ದೇ ಇದೆ, ಅದರ ಮೇಲೆ ಇದನ್ನೂ ಹೊರಿಸಿದ್ರೆ ಯಾರಿಗೇ ಆದ್ರೂ ಬೇಜಾರಾಗತ್ತೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶಾಲೆಗಳಿಗೆ ಕಂಪ್ಯೂಟರ್ ತರೋ ಯೋಜನೆ ಶುರು ಮಾಡ್ದಾಗ ಅಲ್ಲೇ ಪಾಠ ಮಾಡೋ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು ಅವರಿಂದಾನೇ ನಡೆಸಿದ್ರು, ಮುಂದೆ ಲೈಸೆನ್ಸ್ ಖರ್ಚಿಲ್ಲದ ಮುಕ್ತ ತಂತ್ರಾಂಶಕ್ಕೇ ಬಂದ್ರು, ನನಗೆ ಆ ದಾರಿನೇ ಸರಿ ಅನ್ಸತ್ತೆ. ಹೊರಗಿನವರು ಬಂದು ಹೇಳಿಕೊಟ್ರೆ ಅವರು ಹೋದ ದಿನ ರೂಮಿಗೆ ಬೀಗ ಬೀಳತ್ತೆ. ಮೊದಲ ಮೂರು ತಿಂಗಳು ಮಕ್ಕಳನ್ನ ಕೂರಿಸೋ ಅವಸರ ಬೇಡ, ಶನಿವಾರ ಬೆಳಗ್ಗೆ ಶಾಲೆ ಮುಗಿದ್ಮೇಲೆ ಒಂದು ಗಂಟೆ ಟೀಚರುಗಳು ಅವರ ಪಾಡಿಗೆ ಅವರು ಮುಟ್ಟಿ ನೋಡ್ಲಿ, ತಪ್ಪು ಮಾಡ್ಲಿ, ಆಸಕ್ತಿ ಇರೋ ಇಬ್ರು ಮುಂದೆ ಬಂದ್ರೆ ಅವರೇ ಉಳಿದವರನ್ನ ಕರ್ಕೊಂಡು ಹೋಗ್ತಾರೆ.

ದುಡ್ಡಿಗೆ ದಾರಿ ಇದೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಬರೆಯೋದು ಸಮಿತಿಯ ಕೆಲಸ, ಅದ್ರಲ್ಲಿ ಇದನ್ನ ಸೇರಿಸಿ ಠರಾವು ಮಾಡಿ, ಬಾಯ್ಮಾತಲ್ಲಿ ಬಿಡ್ಬೇಡಿ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ ನಿಯಮದ ಪ್ರಕಾರ 101ರಿಂದ 250 ಮಕ್ಕಳಿರೋ ಶಾಲೆಗೆ ವರ್ಷಕ್ಕೆ 50 ಸಾವಿರ, ಅದ್ರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗತ್ತೆ, ಸೀಮೆಸುಣ್ಣದಿಂದ ರಿಪೇರಿವರೆಗೆ ಎಲ್ಲ ಅದ್ರಲ್ಲೇ ಆಗ್ಬೇಕು, ಹಂಗಾಗಿ ಹೊಸ ಮೆಷಿನ್ ಅದ್ರಿಂದ ಬರಲ್ಲ. ಮೆಷಿನ್ನನ್ನ ದಾನಿಗಳಿಂದ, ಶಾಲೆಗೆ ನೆರವು ಕೊಡೋರನ್ನ ಸೇರಿಸೋ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ಲಿಂದ, ಪಂಚಾಯ್ತಿಯಿಂದ ಕೇಳಿ, ರಿಪೇರಿ ದುಡ್ಡನ್ನ ಮಾತ್ರ ಶಾಲೆಯ ಲೆಕ್ಕದಲ್ಲೇ ವರ್ಷವರ್ಷ ಎತ್ತಿಡಿ. ಲಕ್ಷ ರೂಪಾಯಿ ಸಾಮಾನಿಗೆ ವರ್ಷಕ್ಕೆ ಹತ್ತು ಸಾವಿರ ಆದ್ರೂ ಇರ್ಬೇಕು, ಬ್ಯಾಟರಿ ಬದಲಾಯಿಸೋ ವರ್ಷ ಇನ್ನೂ ಜಾಸ್ತಿ. ದಾನಿಗಳ ಹತ್ರ ಎಂಟರ ಬದಲು ಆರು ಕಂಪ್ಯೂಟರ್ ಕೊಡಿ, ಮಿಕ್ಕ ದುಡ್ಡಲ್ಲಿ ಅರ್ಥಿಂಗ್ ಮತ್ತು ಬ್ಯಾಟರಿ ಮಾಡಿಸಿ ಅಂತ ಧೈರ್ಯವಾಗಿ ಕೇಳಿ, ನಾವು ಕೇಳ್ಲಿಲ್ಲ.

ಮಕ್ಕಳ ಫೋಟೊ, ಹೆಸರು, ಫೋನ್ ನಂಬರ್ ಹಾಕಿ ಲಾಗಿನ್ ಮಾಡಿ ಅಂತ ಯಾವ ಆ್ಯಪ್ ಕೇಳಿದ್ರೂ ಅಪ್ಪ ಅಮ್ಮಂದಿರ ಒಪ್ಪಿಗೆ ಇಲ್ದೆ ಹಾಕ್ಬೇಡಿ, 2023ರ ಡೇಟಾ ರಕ್ಷಣೆ ಕಾಯ್ದೆಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಸ್ಕ್ರೀನುಗಳು ಬಾಗಿಲ ಕಡೆಗೆ ಕಾಣೋ ಹಂಗೆ ಟೇಬಲ್ ಜೋಡಿಸಿ, ಗೋಡೆ ಮೇಲೆ ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930 ಎರಡೂ ದೊಡ್ಡದಾಗಿ ಬರೆಸಿ.

ಕೊನೇದಾಗಿ ಎರಡು ಪುಸ್ತಕ. ಒಂದು ಸ್ಟಾಕ್ ರಿಜಿಸ್ಟರ್, ಸೀರಿಯಲ್ ನಂಬರ್, ವಾರಂಟಿ ತಾರೀಖು, ಬಿಲ್ಲು ಅಂಟಿಸಿ. ಇನ್ನೊಂದು ಬಳಕೆ ಪುಸ್ತಕ, ಯಾವ ದಿನ ಯಾವ ಕ್ಲಾಸು ಯಾವ ಪಾಠ, ಏನು ಕೆಟ್ಟಿತ್ತು ಅಂತ ಒಂದೊಂದು ಸಾಲು, ಅದನ್ನ ಮಕ್ಕಳ ಕೈಲೇ ಬರೆಸಿ. ಮೂರು ತಿಂಗಳಿಗೊಮ್ಮೆ ಎಸ್‌ಡಿಎಂಸಿ ಮೀಟಿಂಗಲ್ಲಿ ಎರಡನೇ ಪುಸ್ತಕ ತೆರೆದು ನೋಡಿ, ಆ ಐದನೇ ಕ್ಲಾಸಿನವರಿಗೆ ಭಿನ್ನರಾಶಿ ಹತ್ತಿದೆಯಾ ಅಂತ ಟೀಚರನ್ನ ಕೇಳಿ, ಹತ್ತಿಲ್ಲ ಅಂದ್ರೆ ಮುಂದಿನ ಮೂರು ತಿಂಗಳ ಪ್ಲಾನ್ ಬದಲಾಯಿಸಿ. ಹೆಡ್ ಮಾಸ್ಟ್ರಿಗೆ ವರ್ಗ ಆದಾಗ ಚಾರ್ಜ್ ಕೊಡೋ ಪಟ್ಟಿಲಿ ಈ ಎರಡು ಪುಸ್ತಕ, ಪಾಸ್‌ವರ್ಡ್ ಬರೆದ ಲಕೋಟೆ, ರೂಮಿನ ಎರಡನೇ ಬೀಗದ ಕೈ, ರಿಪೇರಿಯವರ ನಂಬರು ಇವೆಲ್ಲ ಸೇರಿದ್ಯಾ ಅಂತ ಸಮಿತಿಯವರು ಒಬ್ರು ಹೋಗಿ ಎದುರಿಗೆ ನಿಂತು ನೋಡಿ ಸಹಿ ಹಾಕಿ.